ಡೈರಿಯಲ್ಲಿ ನನ್ನ ಅಕ್ಷರ

ಮಗಳಿಗೆ ಮೂರು ವರ್ಷ ತುಂಬುವ ಮೊದಲೇ ನಾನು ಸ್ಕೂಲು ಹುಡುಕತೊಡಗಿದ್ದೆ. ಆಗಷ್ಟೇ ನಾವು ಶ್ರೀಗಂಧದ ಕಾವಲ್‌ನ ಬಾಡಿಗೆ ಮನೆಗೆ ಬಂದಿದ್ದೆವು. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ನನಗೆ ರಾಜಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಹಗಲು ಮಲಗಿ ಎದ್ದ ಗಂಡನನ್ನು ಎಳೆದುಕೊಂಡು ಹೋಗಲು ಮನಸ್ಸಾಗದೆ, ಶನಿವಾರಗಳಂದು ನಾನೊಬ್ಬಳೇ ಸ್ಕೂಟರ್ ಹತ್ತಿ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ ಎಂದು ಸುತ್ತುತ್ತಿದ್ದೆ. ಒಂದು ಕಡೆ ಸಿಬಿಎಸ್‌ಇ, ಇನ್ನೊಂದು ಕಡೆ ಐಸಿಎಸ್‌ಇ, ಮತ್ತೊಂದು ಕಡೆ ಸ್ಟೇಟ್ ಸಿಲಬಸ್. ಇವುಗಳ ನಡುವೆ ಏನು ವ್ಯತ್ಯಾಸ ಎಂದು ಕೇಳಿದರೆ ಕೌಂಟರಿನ ಹಿಂದೆ ಕೂತವರು, "ಅದು ನಿಮ್ಮ ಮಗು ಮುಂದೆ ಏನಾಗ್ಬೇಕು ಅನ್ನೋದರ ಮೇಲೆ ಹೋಗುತ್ತೆ ಮೇಡಂ," ಎನ್ನುತ್ತಿದ್ದರು. ನನ್ನ ಮಗು ಆಗಿನ್ನೂ ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಿಕೊಳ್ಳುತ್ತಿತ್ತು.

ನಾನು ಓದಿದ್ದು ಕುರುಬರಹಳ್ಳಿಯಲ್ಲಿ, ತವರುಮನೆಯ ಹತ್ತಿರದ ಕನ್ನಡ ಮಾಧ್ಯಮದ ಶಾಲೆಯಲ್ಲಿ. ಪಿಯುಸಿಗೆ ಸೇರಿದಾಗ ಪಾಠವೆಲ್ಲ ಇಂಗ್ಲಿಷಾಗಿ, ಒಂದು ಇಡೀ ವರ್ಷ ಕೊನೆಯ ಬೆಂಚಿನಲ್ಲಿ ಮೂಗಿಯ ಹಾಗೆ ಕೂತಿದ್ದೆ. ಹತ್ತನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಹೆಸರಾಗಿದ್ದ ಹುಡುಗಿ ನಾನು. ಆ ವರ್ಷ ಲೆಕ್ಕದಲ್ಲೇ ಫೇಲಾದೆ. ಅದು ಮಗಳಿಗೆ ಬರಬಾರದು ಎಂಬುದೊಂದೇ ನನ್ನ ತಲೆಯಲ್ಲಿದ್ದ ಅಳತೆಗೋಲು. ಬಸವೇಶ್ವರನಗರದ ಒಂದು ಸಿಬಿಎಸ್‌ಇ ಶಾಲೆಗೆ ಸೇರಿಸಿದೆವು. ಮನೆಯಿಂದ ವ್ಯಾನಿನಲ್ಲಿ ಹೋಗಿ ಬರಬೇಕು. ಮಾಗಡಿ ರಸ್ತೆಯ ಟ್ರಾಫಿಕ್ ದಾಟಿ, ದಾರಿಯುದ್ದಕ್ಕೂ ಮಕ್ಕಳನ್ನು ಹತ್ತಿಸಿಕೊಂಡು ಇಳಿಸಿಕೊಂಡು, ಒಂದೊಂದು ಸಲಕ್ಕೆ ಒಂದು ಗಂಟೆಯ ಮೇಲಾಗುತ್ತಿತ್ತು. ಒಳ್ಳೆಯ ಶಾಲೆ, ಇಷ್ಟು ಕಷ್ಟ ಇದ್ದದ್ದೇ ಅಂದುಕೊಂಡೆವು.

ಮೊದಲ ವರ್ಷಗಳು ಹೇಗೋ ನಡೆದವು. ಕೊರೋನಾ ಬಂದು ಮೂರನೆಯ ತರಗತಿ ಬಹುಪಾಲು ಮೊಬೈಲಿನಲ್ಲೇ ಕಳೆಯಿತು, ಎಲ್ಲರ ಮಕ್ಕಳ ಹಾಗೆ. ಪರದೆಗೆ ಕಾಣದಂತೆ ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಉತ್ತರ ಪಿಸುಗುಟ್ಟುತ್ತಿದ್ದೆ, ಅವಳು ಜೋರಾಗಿ ಹೇಳುತ್ತಿದ್ದಳು. ಟೀಚರ್ "ವೆರಿ ಗುಡ್" ಅಂದರೆ ಇಬ್ಬರಿಗೂ ಖುಷಿ. ಶಾಲೆ ಮತ್ತೆ ತೆರೆದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಸಂಜೆ ಕಚೇರಿಯಿಂದ ಬಂದು ಕಾಫಿ ಕುಡಿದು ಅವಳ ಬ್ಯಾಗು ಬಿಚ್ಚುತ್ತಿದ್ದವಳು ನಾನು. ಸೌರಮಂಡಲದ ಮಾಡೆಲ್ ಮಾಡಿದವಳು ನಾನು. ಪ್ರಾಜೆಕ್ಟ್ ಪುಸ್ತಕದಲ್ಲಿ ದುಂಡಗೆ ಬರೆದು, ಚಿತ್ರ ಅಂಟಿಸಿ, ಕೆಳಗೆ ಬಣ್ಣದ ಗೆರೆ ಎಳೆದವಳೂ ನಾನೇ. "ಅವಳೇ ಮಾಡ್ಲಿ ಬಿಡೇ," ಎಂದು ಗಂಡ ಒಂದೆರಡು ಸಲ ಹೇಳಿದರು. "ಅವಳು ಮಾಡಿದ್ರೆ ಸಿ ಗ್ರೇಡ್ ಬರುತ್ತೆ, ನೀವು ಬಂದು ಟೀಚರ್ ಹತ್ರ ಮಾತಾಡ್ತೀರಾ?" ಎಂದು ನಾನು ಬಾಯಿ ಮುಚ್ಚಿಸಿದೆ.

ಐದನೆಯ ತರಗತಿಯಲ್ಲಿ ಲೆಕ್ಕದ ಅಂಕಗಳು ಜಾರತೊಡಗಿದವು. ಎಲ್ಲರೂ ಹೋಗುವ ಒಂದು ಟ್ಯೂಷನ್ ಸೆಂಟರಿಗೆ ಹಾಕಿದೆವು. ಎರಡನೆಯ ಮಹಡಿಯಲ್ಲಿ ಎಸಿ ರೂಮು, ಒಂದೊಂದು ಬ್ಯಾಚಿಗೆ ಮೂವತ್ತು ಮಕ್ಕಳು, ದಿನಕ್ಕೊಂದು ವರ್ಕ್‌ಶೀಟು. ಆ ವರ್ಕ್‌ಶೀಟುಗಳೂ ಮನೆಗೆ ಬಂದು ನನ್ನ ಮುಂದೆಯೇ ಕೂರುತ್ತಿದ್ದವು. ಹೀಗೆ ಶಾಲೆಯದ್ದೊಂದು, ಟ್ಯೂಷನ್ನಿನದ್ದೊಂದು ಎಂದು ಎರಡೆರಡು ಹೋಂವರ್ಕ್ ಮುಗಿಸಿ ಏಳುವಷ್ಟರಲ್ಲಿ ಕುಕ್ಕರಿನೊಳಗಿನ ಅನ್ನ ತಣ್ಣಗಾಗಿರುತ್ತಿತ್ತು. ಆ ದಿನಗಳಲ್ಲಿ ಯಾರಾದರೂ "ಹೇಗಿದೀರಾ?" ಎಂದರೆ "ಸುಸ್ತು ಕಣ್ರೀ" ಎಂಬುದೇ ನನ್ನ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು.

ಆರನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಪೋಷಕರ ಸಭೆ ಇತ್ತು. ಮಗಳ ಕ್ಲಾಸ್ ಟೀಚರ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಕುರ್ಚಿ ಎಳೆದು ಕೂರುತ್ತಿದ್ದಂತೆ ಮುಖ ಮೃದು ಮಾಡಿಕೊಂಡು ಕೇಳಿದರು.

"ಈಗ ಹೇಗಿದೀರಾ ಮೇಡಂ? ಹುಷಾರಾದ್ರಾ?"

"ನನಗೇನಾಗಿತ್ತು?"

ಟೀಚರ್ ಗೊಂದಲದಿಂದ ಮಗಳ ಕಡೆ ನೋಡಿದರು. ಮಗಳು ಗೋಡೆಯ ಮೇಲಿನ ಚಾರ್ಟು ನೋಡುತ್ತಿದ್ದಳು. ಟೀಚರ್ ಅವಳ ಡೈರಿ ತೆಗೆದು ನನ್ನ ಮುಂದಿಟ್ಟರು. ದಿನಾ ಬ್ಯಾಗು ಬಿಚ್ಚುತ್ತಿದ್ದರೂ ಅದರ ಹಿಂದಿನ ಪುಟಗಳನ್ನು ನಾನು ತಿರುವಿ ನೋಡಿದವಳಲ್ಲ. ಮೂರು ತಿಂಗಳಲ್ಲಿ ಆರು ಕಡೆ, ನೀಲಿ ಶಾಯಿಯಲ್ಲಿ, ಇಂಗ್ಲಿಷಿನಲ್ಲಿ ಒಂದೇ ಥರದ ಒಕ್ಕಣೆ: ನನಗೆ ಹುಷಾರಿಲ್ಲದ ಕಾರಣ ಮಗಳಿಗೆ ಹೋಂವರ್ಕ್ ಮಾಡಿಸಲು ಆಗಲಿಲ್ಲ, ದಯವಿಟ್ಟು ಮನ್ನಿಸಿ. ಕೆಳಗೆ ನನ್ನ ಸಹಿ. ಅಕ್ಷರ ನನ್ನದೇ. ನಾನು ಎಳೆಯುವ ಹಾಗೇ ಎಡಕ್ಕೆ ಎಳೆದ ಬಾಲಗಳು, ನಾನು ಇಡುವ ಹಾಗೇ ಸಹಿಯ ಕೆಳಗೆ ಎರಡು ಚುಕ್ಕೆ. ಒಂದು ಕ್ಷಣ ನಾನೇ ಬರೆದು ಮರೆತಿದ್ದೇನೋ ಎನ್ನಿಸಿತು.

"ಹೌದು, ಈಗ ಪರವಾಗಿಲ್ಲ," ಎಂದೆ. ಮಗಳನ್ನು ಆ ಟೀಚರ ಮುಂದೆ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. ಲೆಕ್ಕದಲ್ಲಿ ನಲವತ್ತಕ್ಕೆ ಹನ್ನೆರಡು ಎಂದು ಅವರು ಹೇಳಿದ್ದೂ, ಮಗಳು ಗಮನ ಕೊಡುವುದಿಲ್ಲ ಎಂದದ್ದೂ ಕಿವಿಗೆ ಅರ್ಧಂಬರ್ಧ ಬಿತ್ತು.

ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಸುಮನಹಳ್ಳಿ ಸಿಗ್ನಲ್ ಹತ್ತಿರ ಗಾಡಿಗಳು ನಿಂತುಬಿಟ್ಟಿದ್ದವು. ನಾನು ಹೆಲ್ಮೆಟ್ಟಿನ ಗಾಜು ಎತ್ತಿ, ಹಿಂದೆ ತಿರುಗದೆಯೇ ಕೇಳಿದೆ.

"ಯಾವಾಗಿಂದ ಬರೀತಿದೀಯ?"

"ನೀನು ಲೇಟಾಗಿ ಬಂದ ದಿನ ಮಾತ್ರ ಕಣಮ್ಮ. ನೀನಿಲ್ದೇ ನಂಗೆ ಹೋಂವರ್ಕ್ ಮಾಡೋಕೆ ಬರಲ್ಲ."

"ಅದಕ್ಕೆ ನನಗೆ ಹುಷಾರಿಲ್ಲ ಅಂತ ಬರೆಯೋದಾ?"

"ನೀನು ಯಾವಾಗ್ಲೂ ಸುಸ್ತು ಸುಸ್ತು ಅಂತೀಯಲ್ಲ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಗಾಜು ಇಳಿಸಿ ಗಾಡಿ ಮುಂದೆ ಬಿಟ್ಟೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಡೈರಿ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಅವಳು ಬರೆದಿರೋದು ಪೂರ್ತಿ ಸುಳ್ಳೇನಲ್ಲ ಬಿಡು," ಎಂದರು.

ಕುರುಬರಹಳ್ಳಿಯಲ್ಲಿ ನಮ್ಮ ತವರುಮನೆಯಿಂದ ಎರಡು ಬೀದಿಯಾಚೆ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬ ಟೀಚರ್ ಇದ್ದಾರೆ ಎಂದು ಅಮ್ಮ ಹೇಳುತ್ತಲೇ ಇದ್ದಳು. ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಐದಾರು ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಾರಂತೆ. ಕನ್ನಡ ಮೀಡಿಯಂ ಟೀಚರಿಗೆ ಸಿಬಿಎಸ್‌ಇ ಲೆಕ್ಕ ಏನು ಗೊತ್ತಿರುತ್ತದೆ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಾನೇ ಕನ್ನಡ ಮೀಡಿಯಂ ಎಂಬುದು ಆಗ ನೆನಪಿಗೆ ಬರಲಿಲ್ಲ. ಈಗ ಬೇರೆ ದಾರಿ ತೋಚದೆ ಮಗಳನ್ನು ಕರೆದುಕೊಂಡು ಹೋದೆ.

ಎಪ್ಪತ್ತರ ಆಸುಪಾಸಿನ ಹೆಂಗಸು, ದಪ್ಪ ಕನ್ನಡಕ, ಕಾಟನ್ ಸೀರೆ. ಮಗಳ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ ಪಠ್ಯಪುಸ್ತಕ ತೆಗೆದು ಒಂದು ಲೆಕ್ಕ ತೋರಿಸಿ, "ಇದನ್ನ ಓದು ಪುಟ್ಟಿ," ಎಂದರು. ಮಗಳು ಇಂಗ್ಲಿಷಿನಲ್ಲಿ ಪಟಪಟ ಓದಿದಳು.

"ಚೆನ್ನಾಗಿ ಓದ್ತೀಯ. ಏನು ಕೇಳ್ತಿದೆ ಇದು? ಕನ್ನಡದಲ್ಲೇ ಹೇಳು, ಮನೇಲಿ ಮಾತಾಡೋ ಥರ."

ಮಗಳು ನನ್ನ ಮುಖ ನೋಡಿದಳು. ನನ್ನ ತುಟಿ ಆಗಲೇ ಅಲುಗಿತ್ತು, "ಕಳೆಯೋದು" ಎಂದು. ಟೀಚರ್ ಅದನ್ನು ಕಂಡರು.

"ನೀವು ಸ್ವಲ್ಪ ಆಚೆ ಹೋಗಿ ಕೂತ್ಕೊಳಿಯಮ್ಮ."

ನಾನು ಗೇಟಿನ ಹತ್ತಿರ ಮೆಟ್ಟಿಲ ಮೇಲೆ ಕೂತೆ. ಆಮೇಲೆ ಮಗಳು ಅಳುವುದು ಕೇಳಿಸಿತು. ಏಳಲು ಹೋದೆ. ಟೀಚರ್ ಕೈಯಿಂದಲೇ ಕೂರುವಂತೆ ಸನ್ನೆ ಮಾಡಿದರು. ಅರ್ಧ ಗಂಟೆಯ ಮೇಲೆ ಅವರೇ ಹೊರಗೆ ಬಂದರು.

"ಕೂಡೋದು, ಕಳೆಯೋದು, ಭಾಗಾಕಾರ, ಎಲ್ಲ ಬರುತ್ತೆ ಇವಳಿಗೆ. ಲೆಕ್ಕ ಏನು ಕೇಳ್ತಿದೆ ಅನ್ನೋದು ಗೊತ್ತಾಗಲ್ಲ. ಅದನ್ನ ಯಾವಾಗ್ಲೂ ಯಾರೋ ಹೇಳ್ಬಿಟ್ಟಿದಾರೆ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ನಾನು ವಾರಕ್ಕೆ ಮೂರು ದಿನ ನೋಡ್ಕೋತೀನಿ. ಆ ಟ್ಯೂಷನ್ ಸೆಂಟರ್ ಬಿಡಿಸಿ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಈ ವರ್ಷ ಮುಗಿಯೋವರೆಗೂ ನೀವು ಅವಳ ಬ್ಯಾಗ್ ಮುಟ್ಟಬಾರದು."

"ಫೇಲಾಗ್ಬಿಟ್ರೆ ಮೇಡಂ?"

"ಆಗ್ಲಿ. ಅವಳದೇ ಮಾರ್ಕ್ಸ್ ಎಷ್ಟು ಅಂತ ಒಂದು ಸಲನಾದ್ರೂ ನೋಡೋಣ."

ಆಮೇಲಿನ ಸಂಜೆಗಳು ನನಗೆ ವಿಚಿತ್ರವಾಗಿದ್ದವು. ಮಗಳು ರೂಮಿನಲ್ಲಿ ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು, ನಾನು ಅಡುಗೆಮನೆಯಲ್ಲಿ ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತಿದ್ದೆ. "ಅಮ್ಮ, ಇದು ಗುಣಿಸೋದಾ?" ಎಂದು ಕೂಗಿದರೆ, "ನಂಗೊತ್ತಿಲ್ಲ ಕಣೇ," ಎನ್ನಬೇಕಿತ್ತು. ಗೊತ್ತಿದ್ದೂ ಗೊತ್ತಿಲ್ಲ ಎನ್ನುವುದು ಎಲ್ಲ ಹೋಂವರ್ಕ್ ಮಾಡಿಕೊಡುವುದಕ್ಕಿಂತ ಹೆಚ್ಚು ಆಯಾಸದ ಕೆಲಸ. ಅವಳು ಪೆನ್ಸಿಲ್ ಎಸೆದದ್ದುಂಟು, "ನೀನು ಬೇಕೂಂತಾನೇ ಹೇಳ್ತಿಲ್ಲ," ಎಂದು ಬಾಗಿಲು ಬಡಿದದ್ದುಂಟು. ಪ್ರಾಜೆಕ್ಟ್ ಪುಸ್ತಕದಲ್ಲಿ ಚಿತ್ರಗಳು ಸೊಟ್ಟಗೆ ಅಂಟಿದವು. ಮೊದಲ ಟೆಸ್ಟಿನಲ್ಲಿ ಲೆಕ್ಕಕ್ಕೆ ಒಂಬತ್ತು ಬಂತು. ಶಾಲೆಯಿಂದ ಫೋನ್ ಬಂತು. ಆಮೇಲೆ ಹದಿನಾಲ್ಕು, ಅದಾದ ಮೇಲೆ ಮತ್ತೆ ಹನ್ನೊಂದು. ಕಚೇರಿಯಲ್ಲಿ ಕಡತ ಬಿಚ್ಚಿಟ್ಟುಕೊಂಡು, ನಾನು ಮಗಳನ್ನು ಹಾಳು ಮಾಡುತ್ತಿದ್ದೇನೋ ಏನೋ ಎಂದು ಎಷ್ಟೋ ಮಧ್ಯಾಹ್ನ ಯೋಚಿಸಿದ್ದೇನೆ.

ಟ್ಯೂಷನ್ ಇದ್ದ ದಿನ ವ್ಯಾನ್ ಅವಳನ್ನು ತವರುಮನೆಯ ಹತ್ತಿರ ಇಳಿಸುತ್ತಿತ್ತು, ಕಚೇರಿ ಮುಗಿಸಿ ನಾನು ಕರೆದುಕೊಂಡು ಬರುತ್ತಿದ್ದೆ. ಒಂದು ಸಂಜೆ ಹೋದಾಗ ಅವಳು ಜಗಲಿಯಲ್ಲಿ ತನಗಿಂತ ಚಿಕ್ಕ ಹುಡುಗಿಗೆ ಏನೋ ಹೇಳಿಕೊಡುತ್ತಿದ್ದಳು. "ಮೊದಲು ಇದು ಏನು ಕೇಳ್ತಿದೆ ನೋಡು. ಎಷ್ಟು ಉಳೀತು ಅಂತ ಕೇಳ್ತಿದ್ಯಾ, ಎಷ್ಟಾಯ್ತು ಅಂತಾನಾ?" ನಾನು ಗೇಟಿನ ಹೊರಗೇ ನಿಂತೆ. ಆ ಹುಡುಗಿ ಉತ್ತರ ಹೇಳುವವರೆಗೂ ಮಗಳು ಕಾದಳು. ನಾನು ಯಾವತ್ತೂ ಅಷ್ಟು ಹೊತ್ತು ಕಾದವಳಲ್ಲ.

ಆರನೆಯ ತರಗತಿ ಹೇಗೋ ದಾಟಿತು, ಆಮೇಲೂ ನಾನು ಬ್ಯಾಗ್ ಮುಟ್ಟಲಿಲ್ಲ. ಏಳನೆಯ ತರಗತಿಯ ಕೊನೆಗೆ ಅವಳು ಎಲ್ಲ ವಿಷಯಗಳಲ್ಲೂ ತಾನೇ ಪಾಸಾದಳು, ಲೆಕ್ಕದಲ್ಲಿ ನಲವತ್ತಕ್ಕೆ ಇಪ್ಪತ್ತೊಂದು. ಆದರೆ ಶಾಲೆಯವರು ಎಂಟನೆಯ ತರಗತಿಯಿಂದ ಬೆಳಗ್ಗೆ ಒಂದು ಗಂಟೆ ಮೊದಲೇ ಐಐಟಿ, ನೀಟ್ ತಯಾರಿಯ ಫೌಂಡೇಶನ್ ಬ್ಯಾಚ್, ಎಲ್ಲರೂ ಬರಲೇಬೇಕು ಎಂದರು. ಅಂದರೆ ಅವಳು ಆರಕ್ಕೆ ಮುಂಚೆ ವ್ಯಾನ್ ಹತ್ತಬೇಕು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸ್ಟೇಟ್ ಸಿಲಬಸ್ ಶಾಲೆ ಇತ್ತು. ವರ್ಷಗಟ್ಟಲೆ ಅದರ ಮುಂದೆಯೇ ಓಡಾಡಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಕುರುಬರಹಳ್ಳಿಯ ಟೀಚರನ್ನು ಕೇಳಿದೆ.

"ಸ್ಟೇಟ್ ಸುಲಭ ಅಂತ ಸೇರಿಸ್ಬೇಡಿ," ಎಂದರು. "ಅಲ್ಲೂ ಓದಲೇಬೇಕು. ಹತ್ತಿರ ಇದೆ ಅಂತ ಬೇಕಾದ್ರೆ ಸೇರಿಸಿ. ಮಗು ಇಲ್ಲಿ ಬಂದು ಕೂತ ತಕ್ಷಣ ಆಕಳಿಸುತ್ತೆ. ಅದಕ್ಕೆ ನಿದ್ದೆ ಸಾಲ್ತಿಲ್ಲಮ್ಮ."

ಅಷ್ಟು ವರ್ಷ ಸಿಲಬಸ್ಸು, ಬೋರ್ಡು ಎಂದು ತಲೆ ಕೆಡಿಸಿಕೊಂಡ ನನಗೆ ಮಗುವಿನ ನಿದ್ದೆಯ ಲೆಕ್ಕ ಹೊಳೆದಿರಲಿಲ್ಲ. ಗಂಡ ಮೊದಲು ಒಪ್ಪಲಿಲ್ಲ. "ಜನ ಸಿಬಿಎಸ್‌ಇಗೆ ಸೀಟು ಸಿಗಲ್ಲ ಅಂತ ಅಳ್ತಾರೆ, ನೀನು ಬಿಡಿಸ್ತೀನಿ ಅಂತೀಯ. ನಾಳೆ ಅವಳೇ ನಮ್ಮನ್ನ ಕೇಳಿದ್ರೆ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಒಂದು ವಾರ ಇಬ್ಬರೂ ಅದನ್ನೇ ಮಾತಾಡಿ ಮಾತಾಡಿ ಕೊನೆಗೆ ಬೇಸತ್ತು, ಅವರೇ ಹೋಗಿ ಅರ್ಜಿ ತಂದರು.

ಮಗಳಿಗೆ ಮಾತ್ರ ಇದು ಇಷ್ಟವಾಗಲಿಲ್ಲ. ಎಲ್‌ಕೆಜಿಯಿಂದ ಜೊತೆಗಿದ್ದ ಗೆಳತಿಯನ್ನು ಬಿಟ್ಟು ಬರಬೇಕಿತ್ತು. "ನಾನು ಪಾಸಾದೆ ಅಲ್ವಾ? ಮತ್ಯಾಕೆ?" ಎಂದು ಕೇಳಿದಳು. ಅದಕ್ಕೆ ನಾನು ಕೊಟ್ಟ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ, ನನಗೂ ಪೂರ್ತಿ ಆಗಿರಲಿಲ್ಲ. ಹೊಸ ಶಾಲೆಗೆ ಸೇರಿದ ಮೊದಲ ಹದಿನೈದು ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಹಳೆಯ ಗೆಳತಿಯ ಫೋನು ಮೊದಲು ದಿನಾ ಬರುತ್ತಿತ್ತು, ಆಮೇಲೆ ಭಾನುವಾರಗಳಿಗೆ ಇಳಿಯಿತು, ಈಗ ಹುಟ್ಟುಹಬ್ಬಕ್ಕೆ ಮಾತ್ರ. ಅದಕ್ಕಾಗಿ ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ, ನಾನು ಕೇಳಿಲ್ಲ.

ಎಂಟನೆಯ ತರಗತಿಯಲ್ಲಿ ಅವಳೀಗ ನಡುವಿನ ಸಾಲಿನ ಹುಡುಗಿ. ಲೆಕ್ಕದಲ್ಲಿ ನೂರಕ್ಕೆ ಅರವತ್ತರ ಆಚೀಚೆ, ಸಮಾಜ ವಿಜ್ಞಾನದಲ್ಲಿ ಅದಕ್ಕಿಂತ ಚೂರು ಮೇಲೆ. ಬೆಳಗ್ಗೆ ಏಳಕ್ಕೆ ಏಳುತ್ತಾಳೆ, ತಿಂಡಿ ಕೂತು ತಿನ್ನುತ್ತಾಳೆ. ಕುರುಬರಹಳ್ಳಿಯ ಟೀಚರ್ ಕಣ್ಣಿನ ಆಪರೇಷನ್ ಆಗಿ, ಕೆಂಗೇರಿ ಉಪನಗರದ ತಮ್ಮ ಮಗಳ ಮನೆಗೆ ಹೋದ ಮೇಲೆ ಟ್ಯೂಷನ್ ನಿಂತಿತು. ಬೇರೆ ಕಡೆ ಹಾಕಲಾ ಎಂದು ಕೇಳಿದರೆ ಮಗಳು, "ಸದ್ಯಕ್ಕೆ ಬೇಡಮ್ಮ, ನೋಡ್ತೀನಿ," ಎಂದಳು. ನಾನೂ ನೋಡುತ್ತಿದ್ದೇನೆ.

ಮೊನ್ನೆ ಸಂಜೆ ಕಚೇರಿಯಿಂದ ಬಂದು ಸೋಫಾದ ಮೇಲೆ ಕೂತಿದ್ದೆ. ಮಗಳು ಕನ್ನಡ ಪುಸ್ತಕ ಹಿಡಿದು ಬಂದು, "ಅಮ್ಮ, ಈ ಪದ್ಯ ಓದ್ತೀನಿ, ಹಾಗೇ ಕೇಳಿಸ್ಕೋ. ಅರ್ಥ ಹೇಳ್ಬೇಡ," ಎಂದಳು. ಅವಳು ಓದತೊಡಗಿದಳು. ಎರಡನೆಯ ಚರಣದವರೆಗೆ ಕೇಳಿಸಿಕೊಂಡಿದ್ದು ನೆನಪಿದೆ. ಎಚ್ಚರವಾದಾಗ ನನ್ನ ಮೇಲೆ ಹೊದಿಕೆ ಇತ್ತು. ಅವಳು ಎದುರಿಗೆ ಸದ್ದು ತಗ್ಗಿಸಿ ಟಿವಿ ನೋಡುತ್ತಿದ್ದಳು.

"ಮುಗೀತಾ?" ಎಂದೆ.

"ಆಗ್ಲೇ ಮುಗೀತು. ಕುಕ್ಕರ್ ಇಟ್ಟಿದೀನಿ, ಮೂರು ವಿಷಲ್ ಆಯ್ತು. ಮಲ್ಕೋ ನೀನು."

ಮಲಗಿದೆ.