ಲಿಫ್ಟ್ ಮೆಕ್ಯಾನಿಕ್ ತಡವಾಗಿ ಒತ್ತಿದ ಗುಂಡಿ

ಲಿಫ್ಟು ಸದ್ದಿಲ್ಲದೆ ಹತ್ತಿತು, ಸದ್ದಿಲ್ಲದೆ ಇಳಿಯಿತು. ಒಳಗೆ ನಿಂತಿದ್ದ ಮೆಕ್ಯಾನಿಕ್ ಗೋಡೆಗೆ ಅಂಗೈ ಒತ್ತಿ ಹಿಡಿದು ಕಾದ. ಏನೂ ಇಲ್ಲ.

"ಬೆಳಗ್ಗೆಯಿಂದ ಕುಲುಕಿ ಕುಲುಕಿ ನಮ್ಮ ಜೀವ ತೆಗೀತು. ನೀವು ಬಂದ್ರಿ ನೋಡಿ, ಈಗ ಎಂಥಾ ಸಭ್ಯಸ್ಥ!" ಎಂದರು ಕಟ್ಟಡ ನೋಡಿಕೊಳ್ಳುವ ಹೆಂಗಸು.

"ನನ್ನ ಕಂಡ್ರೆ ಅದಕ್ಕೆ ಮರ್ಯಾದೆ ಜಾಸ್ತಿ. ಮತ್ತೆ ಕುಲುಕಿದಾಗ ವೀಡಿಯೊ ತೆಗೆದು ಕಳಿಸಿ."

ಇದು ಅವನು ಎಲ್ಲರಿಗೂ ಹೇಳುವ ಮಾತು. ಜನ ಕಳಿಸುವ ವೀಡಿಯೊಗಳೋ, ಮಾರುದ್ದ. ಅದರಲ್ಲಿ ಮಕ್ಕಳ ಗಲಾಟೆ, ತರಕಾರಿ ಚೀಲ, ಯಾರದೋ ಹೆಬ್ಬೆರಳು. ಮನೆಗೆ ಹೋಗಿ ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಪುಕ್ಕಟೆ ಸಿಗುವ ಪ್ಲೇಯರ್ ತೆರೆದು ಅವನ್ನು ಓಡಿಸುತ್ತಾನೆ. ಕುಲುಕು ಬರುವ ತುಸು ಮುಂಚೆ ಪ್ಲೇಯರಿನಲ್ಲಿರುವ ರೆಕಾರ್ಡಿಂಗಿನ ಕೆಂಪು ಗುಂಡಿ ಒತ್ತಬೇಕು. ಒಂದೆರಡು ಕುಲುಕು ಸಿಕ್ಕಿದೊಡನೆ ಮತ್ತೊಮ್ಮೆ ಒತ್ತಬೇಕು. ಅಷ್ಟು ಭಾಗ ಬೇರೆ ಫೈಲಾಗಿ ಉಳಿಯುತ್ತದೆ. ಅದು ವರ್ಕ್‌ಶಾಪಿನ ಹಿರಿಯರಿಗೆ ಹೋಗುತ್ತದೆ. ಅವನ ತುಣುಕಿನಲ್ಲಿ ಒಂದು ಉಸಿರೂ ಹೆಚ್ಚಿರುವುದಿಲ್ಲ. ಆ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಉಂಟು.

ಆ ವಾರ ಅವನ ತಲೆ ತಿನ್ನುತ್ತಿದ್ದದ್ದು ಲಿಫ್ಟಲ್ಲ. ಹುಟ್ಟಿ ತಿಂಗಳು ಕಳೆದಿದ್ದ ಮಗಳು ನಿದ್ದೆಯಲ್ಲಿ ಕೈಕಾಲು ಪಟಪಟ ಅದುರಿಸುತ್ತಿದ್ದಳು. ಮಕ್ಕಳ ಡಾಕ್ಟರ ಬಳಿ ಒಯ್ದರೆ, ಮೇಜಿನ ಮೇಲೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ತೆಪ್ಪಗೆ ಮಲಗಿದಳು.

"ಫಿಟ್ಸ್ ಏನಾದ್ರೂ ಇರಬಹುದಾ ಡಾಕ್ಟ್ರೇ?" ಕೇಳಿದಳು ಅವನ ಹೆಂಡತಿ.

"ಕಣ್ಣಾರೆ ನೋಡದೆ ಏನು ಹೇಳಲಮ್ಮ? ಅದುರುವಾಗ ವೀಡಿಯೊ ತೆಗೀರಿ. ಪೂರ್ತಿ ಬೇಡ, ಆ ಭಾಗ ಮಾತ್ರ ತನ್ನಿ."

ಊರಿಗೆಲ್ಲ ತಾನು ಹೇಳುವ ಮಾತು ತನ್ನ ಕಿವಿಗೇ ಬಿದ್ದಾಗ ಮೆಕ್ಯಾನಿಕ್ ಜೇಬಿನ ಫೋನ್ ತಡವಿಕೊಂಡ.

ತೊಟ್ಟಿಲ ಎದುರಿನ ಕಪಾಟಿನ ಮೇಲೆ ಫೋನ್ ನಿಲ್ಲಿಸಿದ್ದಾಯಿತು. ಹೆಂಡತಿಯ ತಾಯಿ, ಅಂದರೆ ಅವನ ಅತ್ತೆ, ಕುರ್ಚಿ ಹಾಕಿಕೊಂಡು ಕಾವಲು ಕೂತರು. ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ವೀಡಿಯೊ ಓಡಿಸಲು ಕೂತರೆ, ಮಗು ಅದುರುವ ಹೊತ್ತಿಗೆ ಸರಿಯಾಗಿ ತೆರೆಯ ತುಂಬ ಅತ್ತೆಯ ಬೆನ್ನು. ಇನ್ನೊಂದು ವೀಡಿಯೊ, ಮತ್ತೆ ಬೆನ್ನು.

"ಅಮ್ಮಾ, ಮಗೂಗೆ ಅಂತ ಇಟ್ಟ ಕ್ಯಾಮೆರಾದಲ್ಲಿ ಬರೀ ನೀನೇ ಇದ್ದೀಯಲ್ಲೇ!" ಎಂದಳು ಹೆಂಡತಿ.

"ಮತ್ತೇನು? ಕೂಸು ಒದ್ದಾಡ್ತಿದ್ರೆ ಕೈಕಟ್ಟಿ ಕೂರೋಕೆ ನಾನೇನು ಕಲ್ಲಾ? ಎತ್ಕೊಳ್ಳೋಕೆ ಓಡಿದೆ."

ಕೊನೆಯ ವೀಡಿಯೊದಲ್ಲಿ ಬೆನ್ನು ಬರಲಿಲ್ಲ. ಅತ್ತೆ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಮಗುವಿನ ಕೈ ಅಲುಗುವ ಮುಂಚೆಯೇ ಮೆಕ್ಯಾನಿಕ್ ಕೆಂಪು ಗುಂಡಿ ಒತ್ತಿದ. ಪುಟ್ಟ ಕೈ ಅದುರಿತು, ಕಾಲು ಅದುರಿತು, ಮತ್ತೆ ಕೈ. ಈಗ ಒತ್ತಬೇಕಿತ್ತು. ಬೆರಳು ಮರಗಟ್ಟಿದಂತೆ ಅಲ್ಲೇ ನಿಂತುಬಿಟ್ಟಿತು. ಹೆಂಡತಿ ಅವನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಅಷ್ಟರಲ್ಲಿ ವೀಡಿಯೊದೊಳಗಿನ ಅತ್ತೆ ಗರಗಸ ಎಳೆದಂತೆ ಗೊರಕೆ ಹೊಡೆದರು. ಮಗು ಕಣ್ಣು ಬಿಟ್ಟಿತು. ಅದುರು ಅಲ್ಲಿಗೇ ನಿಂತಿತು. ಮಗು ಅತ್ತಿತ್ತ ನೋಡಿ, ಆಕಳಿಸಿತು. ಆಮೇಲಷ್ಟೇ ಅವನು ಗುಂಡಿಯ ನೆನಪಾಗಿ ಒತ್ತಿದ.

"ಉದ್ದ ಆಯ್ತು. ಇನ್ನೊಂದ್ಸಲ ಓಡಿಸಿ ಕತ್ತರಿಸ್ತೀನಿ."

"ಬೇಡ ರೀ, ಇನ್ನೊಂದ್ಸಲ ನೋಡೋ ಶಕ್ತಿ ನನಗಿಲ್ಲ. ಇದ್ದ ಹಾಗೇ ಕೊಡಿ."

"ನಾನಂತೂ ಕಣ್ಣೇ ಮುಚ್ಚಿಲ್ಲಪ್ಪ," ಎಂದರು ಹಿಂದೆ ನಿಂತಿದ್ದ ಅತ್ತೆ.

ಮರುದಿನ ಡಾಕ್ಟರು ತುಣುಕನ್ನು ಕೊನೆಯವರೆಗೆ ನೋಡಿ, ಮತ್ತೆ ಮೊದಲಿನಿಂದ ನೋಡಿದರು.

"ಎಚ್ಚರ ಆದ ಕೂಡಲೇ ನಿಂತಿತಲ್ಲ, ಪ್ರತಿಸಲ ಹೀಗೇನಾ?"

ಉತ್ತರ ಬಂದದ್ದು ಜೊತೆಗೆ ಬಂದಿದ್ದ ಅತ್ತೆಯಿಂದ. "ಹೌದು ಡಾಕ್ಟ್ರೇ. ಎತ್ಕೊಂಡ್ರೆ ಕಣ್ಣು ಬಿಡ್ತಾಳೆ, ತಕ್ಷಣ ನಿಲ್ಲುತ್ತೆ. ಎದ್ದಿದ್ದಾಗ ಒಂದಿನಾನೂ ಅದುರಿಲ್ಲ."

ಡಾಕ್ಟರು ಮಗುವನ್ನು ಮಲಗಿಸಿ, ತಲೆಯಿಂದ ಪಾದದವರೆಗೆ ಪರೀಕ್ಷಿಸಿದರು. ತೂಕ ನೋಡಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಇದು ಫಿಟ್ಸ್ ಅಲ್ಲ. ಬರೀ ನಿದ್ದೆಯ ಅದುರು, ಕೆಲವು ಮಕ್ಕಳಿಗೆ ಇರುತ್ತೆ. ಬೆಳೀತಾ ಬೆಳೀತಾ ತಾನಾಗೇ ಹೋಗುತ್ತೆ. ಅದುರೋದಷ್ಟೇ ಕತ್ತರಿಸಿ ತಂದಿದ್ರೆ ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ. ಎದ್ದ ಮೇಲಿನದೂ ಇಟ್ಟಿದ್ದು ಒಳ್ಳೇದಾಯ್ತು."

"ಇಟ್ಟಿದ್ದಲ್ಲ ಡಾಕ್ಟ್ರೇ, ಗುಂಡಿ ಒತ್ತೋಕೆ ಮರೆತೆ."

"ಮರೆವು ಅಷ್ಟೇ ಅಲ್ಲ, ನನ್ನ ಗೊರಕೇನೂ ಸೇರಿಸ್ಕೊಳ್ಳಿ," ಎಂದರು ಅತ್ತೆ. ನಿದ್ದೆ ಮಾಡಿದ್ದನ್ನು ಅವರು ಒಪ್ಪಿಕೊಂಡದ್ದು ಅದೇ ಮೊದಲು. ಎದೆಯ ಮೇಲಿನ ಬಂಡೆ ಇಳಿದಂತೆ ಹೆಂಡತಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಕೆಳಗಿಳಿಯುವಾಗ ಆಸ್ಪತ್ರೆಯ ಲಿಫ್ಟು ಧಡಕ್ಕನೆ ಕುಲುಕಿತು.

"ಏನ್ರೀ ಇದು?"

"ಏನು?" ಎಂದ ಮೆಕ್ಯಾನಿಕ್. ಅವನು ಮಗಳ ಅಂಗಾಲು ನೋಡುತ್ತಿದ್ದ.

ಬರುವ ತಿಂಗಳು ಮಗುವಿಗೆ ಲಸಿಕೆ ಇದೆ. ಡಾಕ್ಟರು ಏನಾದರೂ ಕೇಳಿದರೆ ಹೇಳಲು ಅತ್ತೆಯೂ ಹೋಗುತ್ತಾರೆ.