ಅರಿಶಿನವೆಂದುಕೊಂಡ ಹಳದಿ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಮದುವೆಯಾಯಿತು. ಹೆಣ್ಣು ಹರಿಹರದವಳು. ನಾವು ದಾವಣಗೆರೆಯಲ್ಲಿ ಹತ್ತಿ ಗಿರಣಿಗೆ ಹತ್ತಿರದ ಓಣಿಯೊಂದರಲ್ಲಿದ್ದೆವು. ನಾನು ಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಬರೆದು ಕಳಿಸುತ್ತಿದ್ದೆ.

ಮನೆ ತುಂಬಿಸಿಕೊಂಡ ದಿನ ಓಣಿಯ ಹೆಂಗಸರು ಮದುಮಗಳ ಮೈಬಣ್ಣ ನೋಡಿ ಬೆರಗಾದರು. ನಮ್ಮ ಕಡೆ ಮದುವೆಗೆ ಮುಂಚೆ ಅರಿಶಿನ ಹಚ್ಚಿ ನೀರೆರೆಯುತ್ತಾರೆ. ಅದು ಚೆನ್ನಾಗಿ ಹಿಡಿದರೆ ಹುಡುಗಿಗೂ ಒಳ್ಳೆಯದು, ಹೋದ ಮನೆಗೂ ಒಳ್ಳೆಯದು ಎಂಬ ನಂಬಿಕೆ.

"ಅರಿಷಿಣ ಹೆಂಗ್ ಹಿಡದೈತೆ ನೋಡ್ರವ್ವಾ! ನಮ್ ಹುಡುಗೀಗೆ ಎಷ್ಟ್ ಹಚ್ಚಿದ್ರೂ ಹಿಡೀಲಿಲ್ಲ" ಎಂದರು ಪಕ್ಕದ ಮನೆಯವರು.

"ನಿಮ್ಮಾಕಿ ಒಂದ್ಕಡೆ ಕುಂತಿದ್ಲೇನು? ಓಡಾಡಿ ಓಡಾಡಿ ಎಲ್ಲಾ ಉದುರಿಸ್ಕೊಂಡ್ಲು" ಎಂದು ನನ್ನ ಸೋದರತ್ತೆ ನಕ್ಕರು. ಅವರು ಅಪ್ಪನ ಅಕ್ಕ. ಮದುವೆಗೆಂದು ಬಂದವರು ಇನ್ನೂ ನಮ್ಮಲ್ಲೇ ಇದ್ದರು.

ಮದುಮಗಳು ಎರಡು ತುತ್ತು ಉಂಡು ಏಳುತ್ತಿದ್ದಳು. ನಾಚಿಕೆ ಎಂದುಕೊಂಡೆವು. ಕುಳಿತಲ್ಲೇ ತೂಕಡಿಸುತ್ತಿದ್ದಳು. ಮದುವೆಯ ದಣಿವು ಎಂದುಕೊಂಡೆವು. ಹೊಸ ಸೊಸೆ ಹೊಟ್ಟೆ ತುಂಬ ಉಂಡರೆ ನಾಲ್ಕು ಮಂದಿ ಆಡಿಕೊಳ್ಳುತ್ತಾರೆ. ಉಣ್ಣದಿದ್ದರೆ ಯಾರೂ ಏನೂ ಕೇಳುವುದಿಲ್ಲ.

ಕೇಳಿದವಳು ಅವ್ವ. ಒಂದು ಬೆಳಿಗ್ಗೆ ಸೊಸೆಗೆ ಸೀಗೆಪುಡಿ ಹಾಕಿ ಎರೆದಳು. ಬಚ್ಚಲಿಗೆ ಹರಿದ ನೀರಿನಲ್ಲಿ ಹಳದಿಯೇ ಇರಲಿಲ್ಲ. ಮೈ ಮಾತ್ರ ಹಾಗೇ ಇತ್ತು. ಅವ್ವ ಅವಳನ್ನು ಹಿತ್ತಿಲ ಬಾಗಿಲಿನ ಬೆಳಕಿಗೆ ಕರೆತಂದು ಕೆಳರೆಪ್ಪೆ ಎಳೆದು ನೋಡಿ, ನನ್ನನ್ನು ಕೂಗಿದಳು.

"ಕಣ್ಣಿಗ್ಯಾರು ಅರಿಷಿಣ ಹಚ್ತಾರಪ್ಪಾ? ಇದು ಕಾಮಾಲಿ. ಹೋಗು, ಡಾಕ್ಟರ್ನ ಕರಕೊಂಡ್ ಬಾ."

ಡಾಕ್ಟರು ಬಂದು ಬಲ ಪಕ್ಕೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಅವಳು ಹಲ್ಲು ಕಚ್ಚಿದಳು. ಯಕೃತ್ತು ಊದಿಕೊಂಡಿದೆ, ಪಿತ್ತ ಕರುಳಿಗೆ ಇಳಿಯುವ ದಾರಿ ಬಿಗಿದಿದೆ, ಇಳಿಯಬೇಕಾದದ್ದು ರಕ್ತಕ್ಕೆ ಸೇರಿ ಕಣ್ಣಿಗೂ ಮೈಗೂ ಬಂದಿದೆ ಎಂದು ವಿವರಿಸಿದರು. ಎಣ್ಣೆ ಬೇಡ, ತುಪ್ಪ ಬೇಡ. ಗಂಜಿ, ಗ್ಲೂಕೋಸ್ ನೀರು, ಕಾಯಿಸಿ ಆರಿಸಿದ ನೀರು. ಎಲ್ಲಕ್ಕಿಂತ ಮುಖ್ಯ, ಹಾಸಿಗೆ.

"ದಾರಿ ಬಿಡ್ತು ಅಂತ ನಮಗೆ ಹೆಂಗ್ರೀ ಗೊತ್ತಾಗ್ಬೇಕು?" ಅವ್ವ ಕೇಳಿದಳು.

"ಮಲದ ಬಣ್ಣ ನೋಡ್ತಿರಿ, ತಾಯಿ. ಈಗ ಸುಣ್ಣದ ಹಾಗೆ ಬೆಳ್ಳಗೆ ಹೋಗ್ತಿರುತ್ತೆ. ಪಿತ್ತ ಇಳಿಯೋಕೆ ಶುರುವಾದರೆ ಬಣ್ಣ ಬರುತ್ತೆ."

ಅವಳು ಸೆರಗನ್ನು ಮುಖದ ಮೇಲೆಳೆದುಕೊಂಡಳು.

ಆ ಮಧ್ಯಾಹ್ನವೇ ಸೋದರತ್ತೆ ಅವ್ವನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡರು. "ತಂಗೀ, ಬ್ಯಾನಿ ಇರೋ ಹುಡುಗೀನ್ನ ಕೊಟ್ಟಾರೆ. ಒಂದೋ ಕಾಮಾಲಿ ಇಳಿಯಾಕೆ ಮುಂಗೈಗೆ ಬರೆ ಹಾಕ್ಸು, ಇಲ್ಲಾ ತವರಿಗೆ ಕಳಸು. ಆರಾಮಾದ್ಮ್ಯಾಲೆ ನೋಡಾಣು."

ಆ 'ನೋಡಾಣು' ಪಡಸಾಲೆಯಲ್ಲಿ ಮಲಗಿದ್ದವಳಿಗೂ ಕೇಳಿಸಿತು. ಮೊದಲ ವಾರದಲ್ಲೇ ಹೀಗೆ ತವರಿಗೆ ಹೋದವರು ಅಲ್ಲಿಯೇ ಉಳಿದದ್ದನ್ನು ಅವಳು ಹರಿಹರದ ತನ್ನ ಓಣಿಯಲ್ಲೇ ಕಂಡಿದ್ದಳು. ನಾನು ನೀರು ಕೊಡಲು ಹೋದಾಗ ಕೇಳಿದ್ದು ಅದೊಂದನ್ನೇ: "ನನ್ನ ಕಳಸ್ತೀರೇನು?"

ಇಲ್ಲ ಎಂದೆ. ಆದರೆ ಆ ಮನೆಯಲ್ಲಿ ನನ್ನ ಮಾತಿಗೆ ಎಷ್ಟು ಬೆಲೆಯಿದೆ ಎಂಬುದು ಅವಳಿಗಿನ್ನೂ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಬರೆ ಹಾಕಿಸಲು ಅವ್ವ ಒಪ್ಪಲಿಲ್ಲ. ಹಿತ್ತಿಲಲ್ಲಿ ಬೆಳೆದಿದ್ದ ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕೊಡಲೇ ಎಂದು ಡಾಕ್ಟರನ್ನು ಕೇಳಿದಳು. ಔಷಧಿ, ಹಾಸಿಗೆ ಎರಡನ್ನೂ ಬಿಡದಿದ್ದರೆ ಕೊಡಿ ಎಂದರು. ಗುಣವಾದದ್ದು ಯಾವುದರಿಂದ ಎಂದು ನಾನು ಹೇಳಲಾರೆ. ಒಗ್ಗರಣೆಯ ವಾಸನೆಗೇ ಅವಳಿಗೆ ವಾಕರಿಕೆ ಬರುತ್ತಿದ್ದುದು ಮಾತ್ರ ನಿಜ. ಅದನ್ನು ಕಂಡ ಅವ್ವ ಮನೆಯಲ್ಲಿ ಒಗ್ಗರಣೆಯನ್ನೇ ನಿಲ್ಲಿಸಿದಳು. ಎಲ್ಲರಿಗೂ ಗಂಜಿ, ಬೇಯಿಸಿದ ತರಕಾರಿ, ತಿಳಿ ಮಜ್ಜಿಗೆ. ಅಪ್ಪ ಎರಡು ದಿನ ತಡೆದರು. ಮೂರನೆಯ ಸಂಜೆ ಪೇಟೆಯಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಬಂದರು. ಅವ್ವ ಬಾಗಿಲಲ್ಲೇ ತಂಬಿಗೆ ಹಿಡಿದು ನಿಂತಳು.

"ಬಾಯಿ ತೊಳಕೊಂಡು ಒಳಗ್ ಬರ್ರಿ. ಮೀಸೀನೂ."

ಒಳಗೆ ಮಲಗಿದ್ದವಳು ಅಂದು ಮೊದಲ ಸಲ ನಕ್ಕಳು.

ಸುದ್ದಿ ಮುಟ್ಟಿ ನಮ್ಮ ಮಾವ ಹರಿಹರದಿಂದ ಬಂದರು. ಕೂಡ್ರಿ ಎಂದರೂ ಕೂರಲಿಲ್ಲ. "ನಮಗೂ ತಿಳೀಲಿಲ್ಲ ತಾಯಿ, ಅರಿಷಿಣ ಅಂತಾನೇ ತಿಳಕೊಂಡ್ವಿ. ಕರಕೊಂಡ್ ಹೋಗಿ ಗುಣ ಮಾಡಿ ಕಳಸ್ತೀನಿ" ಎಂದು ಕೈ ಮುಗಿದರು.

"ನೋಡು, ಅವರೇ ಕೇಳಾಕತ್ತಾರೆ" ಎಂದರು ಸೋದರತ್ತೆ.

ಅವ್ವ ಪಡಸಾಲೆಗೆ ಹೋಗಿ, ಅಷ್ಟು ಮಂದಿ ಹಿರಿಯರ ಎದುರಿಗೇ ಸೊಸೆಯನ್ನು ಕೇಳಿದಳು: "ಏನವ್ವಾ, ತವರಿಗೆ ಹೊಕ್ಕೀಯಾ, ಇಲ್ಲೇ ಇರ್ತೀಯಾ?"

ನಮ್ಮ ಮನೆಗಳಲ್ಲಿ ಆ ಪ್ರಶ್ನೆಯನ್ನು ಹೊಸ ಸೊಸೆಗೆ ಯಾರೂ ಕೇಳುತ್ತಿರಲಿಲ್ಲ. ಅವಳು ಗೋಡೆ ಹಿಡಿದು ಎದ್ದು ಕುಳಿತಳು.

"ಇಲ್ಲೇ ಇರ್ತೀನ್ರಿ. ಅಲ್ಲಿಗ್ ಹೋದ್ರೆ ನಮ್ಮವ್ವ ದಿನಾ ಅಳ್ತಾಳೆ. ಇಲ್ಲಿ ನೀವು ಬೈತೀರಿ. ಬೈದ್ರೆ ಗಂಜಿ ಹೊಟ್ಟಿಗ್ ಹೋಗ್ತೈತೆ."

ಮಾವ ಆಗ ಕುಳಿತರು. ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಅವ್ವ ಅವರಿಗೂ ಒಂದು ಬಟ್ಟಲು ಗಂಜಿ ತಂದಿಟ್ಟಳು.

ಆಮೇಲೆ ದಿನವೂ ಬೆಳಿಗ್ಗೆ ಹಿತ್ತಿಲಿನಲ್ಲಿ ಅತ್ತೆ, ಸೊಸೆಯ ಪಿಸುಮಾತು ನಡೆಯುತ್ತಿತ್ತು. ಸೊಸೆ ತಲೆ ತಗ್ಗಿಸಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಅವ್ವ ಒಳಗೆ ಬಂದು ನೀರು ಕಾಯಿಸಲಿಡುತ್ತಿದ್ದಳು. ಹೀಗೆ ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಅವ್ವ ಸೆರಗು ಸರಿಪಡಿಸಿಕೊಳ್ಳುವುದನ್ನೂ ಮರೆತು ಹೊರಗಿನ ಕಟ್ಟೆಗೆ ಬಂದಳು. ಅಪ್ಪ, ನಾನು, ಪಕ್ಕದ ಮನೆಯವರು ಅಲ್ಲಿದ್ದೆವು.

"ಬಣ್ಣ ಬಂತ್ರೀ! ಪಿತ್ತ ಇಳೀತು!"

"ಮೆಲ್ಲಗೆ, ಮಾರಾಯ್ತಿ" ಎಂದು ಅಪ್ಪ ಕೈಯಾಡಿಸಿದರು. ಒಳಗೆ ಅವಳು ನಾಚಿಕೆಯಿಂದ ಕೌದಿ ಹೊದ್ದುಕೊಂಡಿದ್ದಳು.

ಕಣ್ಣು ಬೆಳ್ಳಗಾಗಲು ಇನ್ನಷ್ಟು ದಿನ ಹಿಡಿಯಿತು. ಪೂರ್ತಿ ಗುಣವಾದ ಮೇಲೆ ಅವ್ವನೇ ಹೇಳಿದಳು: "ತವರಿಗ್ ಕರಕೊಂಡ್ ಹೋಗು. ಬೇಕಾದಷ್ಟ್ ದಿನ ಇದ್ದು ಬರ್ಲಿ." ಹರಿಹರದಲ್ಲಿ ತಾಯಿ ಮಗಳ ಕೆನ್ನೆ ಸವರಿದರು, ಅತ್ತರು, ಉಣ್ಣಿಸಿದರು. ಸಂಜೆ ನಾನು ಬಸ್ಸಿಗೆಂದು ಎದ್ದಾಗ ಅವಳು ನನಗಿಂತ ಮುಂಚೆ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದಳು.

"ಬೇಕಾದಷ್ಟು ದಿನ ಇರು ಅಂದಾಳಲ್ಲ ಅವ್ವ" ಎಂದೆ.

"ಮುಂಜಾನಿಂದ ಇದ್ನಲ್ರೀ" ಎಂದಳು. "ನಡೀರಿ, ಬಸ್ ತಪ್ತೈತೆ."