ಚೀನಿ ಟೀಚರ್

ಟಿಕ್, ಟಿಕ್, ಟಿಕ್. ಮೂವತ್ತು ಜೊತೆ ನಿಟ್ಟಿಂಗ್ ಕಡ್ಡಿಗಳ ಸದ್ದು. ಅರವತ್ತೆರಡರಲ್ಲಿ ಚೀನಾ ಯುದ್ಧ ಶುರುವಾದ ಆ ದಿನಗಳಲ್ಲಿ, ಚಳಿಯನ್ನೇ ಕಾಣದ ನಮ್ಮ ಸೀಮೆಯ ಕಾನ್ವೆಂಟ್ ಹುಡುಗಿಯರು ಜವಾನರಿಗೆ ಸ್ವೆಟರ್ ಹೆಣೆಯುತ್ತಿದ್ದೆವು. ಬೆವರಿಗೆ ಉಣ್ಣೆ ಬೆರಳಿಗೆ ಅಂಟುತ್ತಿತ್ತು. ಹಾಲ್ ತುಂಬ ನಾಫ್ತಲೀನ್ ವಾಸನೆ.

ನಾವು ಹೆಣೆಯುವಾಗ ಲೂಸಿ ಟೀಚರ್ ಇಂಗ್ಲಿಷ್ ಪುಸ್ತಕ ಓದಿ ಹೇಳುವುದು ಮೊದಲಿಂದಲೂ ರೂಢಿ. ಆ ಟರ್ಮಿನ ಕಥೆ, ನಮ್ಮ ಗ್ರಹಚಾರಕ್ಕೆ, ಚೀನಾದ್ದು. ಮನೆಯಲ್ಲಿ 'ಮೂರನೆಯವಳು' ಎಂದಷ್ಟೇ ಕರೆಸಿಕೊಂಡ ಹುಡುಗಿಯೊಬ್ಬಳು ಮದುವೆ ಬೇಡವೆಂದು ಪಟ್ಟಣ ಸೇರಿ, ಶಾಲೆಯ ರಿಜಿಸ್ಟರಿನಲ್ಲಿ ತಾನೇ ಆರಿಸಿದ ಹೆಸರು ಬರೆಸುತ್ತಾಳೆ. ನಮ್ಮೂರು ಮರ್ಕಂಜದ ಮನೆಯಲ್ಲಿ ನಾನೂ ಮೂರನೆಯ ಕೂಸು. ಜಾನಕಿ ಎಂದು ಬಾಯ್ತುಂಬ ಕರೆಯುತ್ತಿದ್ದವರು ಟೀಚರ್ ಒಬ್ಬರೇ.

ಯುದ್ಧ ಬಂದರೂ ಅವರು ಓದು ನಿಲ್ಲಿಸಲಿಲ್ಲ. "ಗುಂಡು ಹೊಡೆದದ್ದು ಈ ಹುಡುಗಿ ಅಲ್ಲವಲ್ಲ?" ಎಂದರು.

"ಚೀನಿ ಟೀಚರ್‌ದು ಮೂಗು ದಿನಾ ಚಪ್ಪಟೆ ಆಗ್ತಾ ಉಂಟು ಮಾರಾಯ್ತಿ," ಪಕ್ಕದ ಫಿಲೋಮಿನಾ ಪಿಸುಗುಟ್ಟಿದಳು. ನಾನೂ ನಕ್ಕೆ. ಆದರೂ ಮುಂದೇನಾಯಿತೆಂದು ತಡೆಯಲಾರದೆ ಟೀಚರ ಹತ್ತಿರ ನಾನೇ ಪುಸ್ತಕ ಕೇಳಿ ತಂದು ನಿಟ್ಟಿಂಗ್ ಚೀಲದಲ್ಲಿಟ್ಟುಕೊಂಡೆ.

ವಿಸಿಟಿಂಗ್ ಸಂಡೇ ಅಪ್ಪ ಬಂದರು. ಹಲಸಿನ ಹಪ್ಪಳದ ಕಟ್ಟು ಕೈಗಿಟ್ಟು, "ಕಾಣಿಯೂರಿಂದ ಒಂದು ಸಂಬಂಧ ಬಂದುಂಟು. ರಜೆಗೆ ಬಂದವಳು ಮತ್ತೆ ಇಲ್ಲಿಗೆ ಬರುದು ಬೇಡ," ಎಂದರು.

"ನಾನು ಒಪ್ಪುದಿಲ್ಲ. ನಂಗೆ ಓದ್ಬೇಕು."

"ನೀನು ಒಪ್ಪುದಾ? ನಿನ್ನನ್ನು ಕೇಳಿದ್ದು ಯಾರು? ಎಲ್ಲಿಂದ ಕಲ್ತದ್ದು ಇದನ್ನೆಲ್ಲ?" ಚೀಲ ಕಿತ್ತುಕೊಂಡರು. ಪುಸ್ತಕದ ಕವರಿನ ಮೇಲೆ ಚೀನಾ ಹೆಂಗಸಿನ ಚಿತ್ರ. "ಓಹೋ! ಅಲ್ಲಿ ನಮ್ಮವರನ್ನು ಕೊಲ್ಲುದು, ಇಲ್ಲಿ ನಮ್ಮ ಕೂಸುಗಳನ್ನು ಕೆಡಿಸುದು! ಯಾರದ್ದು ಇದು?"

ಗಲಾಟೆಗೆ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಓಡಿ ಬಂದರು. ನಾನೇ ಕೇಳಿ ತಂದದ್ದೆಂದರೆ ನನ್ನ ಟ್ರಂಕು ಆವತ್ತೇ ಊರಿನ ಬಸ್ಸಿನ ಮೇಲೆ ಏರುತ್ತಿತ್ತು.

"ಲೂಸಿ ಟೀಚರ್‌ದು. ಬೇಡ ಅಂದ್ರೂ ಓದಿಸಿದ್ರು," ಎಂದೆ. "ಒಪ್ಪುದಿಲ್ಲ ಅಂತ ಹೇಳ್ಲಿಕ್ಕೂ ಅವ್ರೇ ಹೇಳಿಕೊಟ್ಟದ್ದು."

ಮದರ್ ಪುಸ್ತಕವನ್ನು ಗಂಜಿಯ ಒಲೆಗೆ ಹಾಕಿಸಿದರು. ಟರ್ಮ್ ಮುಗಿದ ದಿನವೇ ಟೀಚರ್ ಹೊರಡಬೇಕೆಂದಾಯಿತು. ಕೂಸಿನ ತಪ್ಪಿಲ್ಲವೆಂದು ಸಮಾಧಾನಗೊಂಡ ಅಪ್ಪ, ಮದರ್ ಮಾತಿಗೆ ಒಪ್ಪಿ, ನನ್ನ ಓದು ಮುಗಿಯುವವರೆಗೆ ಮದುವೆಯ ಮಾತು ಮುಂದೆ ಹಾಕಿದರು. ಆ ಒಲೆಯ ಗಂಜಿಯನ್ನು ನಾನು ಉಪ್ಪಿನಕಾಯಿ ನೆಕ್ಕಿಕೊಂಡು ಉಂಡೆ.

ಮುಂದೆ ಬಿ.ಎ. ಆಯಿತು, ನೌಕರಿ ಆಯಿತು. ಎಲ್ಲರೂ ಮೇಡಂ ಎಂದರು. ನನ್ನ ಹೆಸರಿನ ಸರ್ಟಿಫಿಕೇಟುಗಳನ್ನು ತೆರೆದರೆ ಇವತ್ತಿಗೂ ಮೈ ಉರಿಯುತ್ತದೆ. ಅಪ್ಪನ ಮೇಲೆ, ಮದರ್ ಮೇಲೆ, ಎಲ್ಲರಿಗಿಂತ ಹೆಚ್ಚು ಆವತ್ತು ಸುಳ್ಳು ಹೇಳಿ ಪಾರಾದ ಆ ಜಾಣ ಹುಡುಗಿಯ ಮೇಲೆ. ಜಾನಕಿ ಎಂದು ಹಾಗೆ ಕರೆದವರು ಆಮೇಲೆ ಯಾರೂ ಇಲ್ಲ.

ಟೀಚರನ್ನು ಕೊನೆಯ ಸಲ ಕಂಡದ್ದು ಜಾಲ್ಸೂರಿನಲ್ಲಿ. ಆ ಟರ್ಮ್ ಮುಗಿದ ದಿನ, ರಜೆಗೆ ಅಪ್ಪನ ಜೊತೆ ಊರಿಗೆ ಹೋಗುತ್ತಿದ್ದೆ. ಬಸ್ಸು ನಿಂತಿತ್ತು. ಕೆಳಗೆ ಅವರು ಟ್ರಂಕು ಹಿಡಿದು ಕಾಸರಗೋಡಿನ ಬಸ್ಸಿಗೆ ಕಾಯುತ್ತಿದ್ದರು. ನನ್ನನ್ನು ಕಂಡು ಕಿಟಕಿಯ ಹತ್ತಿರ ಬಂದರು.

"ಜಾನಕೀ, ಸ್ವೆಟರ್ ಮುಗಿಯಿತಾ?"

ಅಪ್ಪ ತಿರುಗಿದರು. "ನಿನ್ನನ್ನಾ ಕರೆಯುದು?"

"ಅಲ್ಲ. ಬೇರೆ ಯಾರನ್ನೋ."

ಟೀಚರಿಗೆ ಕೇಳಿಸಿತು. ಟ್ರಂಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ರಸ್ತೆಯ ಆಚೆ ಬದಿಗೆ ಹೋಗಿ ನಿಂತರು.